ಸಂತಾನಾರ್ಥಿಗಳೂ ಚೀನೀ ಸೂಚೀಚಿಕಿತ್ಸೆಯೂ

೧

ಮಕ್ಕಳಿಲ್ಲದವರ ದುಃಖವು ಮನುಷ್ಯನ ಪುರಾತನ ದುಃಖಗಳಲ್ಲಿ ಒಂದು. ಅದನ್ನು ನೀಗಿಸುವುದಕ್ಕಾಗಿ ಹುಟ್ಟಿದ ಉಪಾಯಗಳೂ ಅಷ್ಟೇ ಪುರಾತನವಾದುವು. ವ್ರತ, ಹರಕೆ, ಮೂಲಿಕೆ, ಮಂತ್ರ, ಶಸ್ತ್ರ ಇವೆಲ್ಲವೂ ಒಂದಿಲ್ಲೊಂದು ದೇಶದಲ್ಲಿ, ಒಂದಿಲ್ಲೊಂದು ಕಾಲದಲ್ಲಿ ಈ ಕಾರ್ಯಕ್ಕೆ ಬಳಕೆಯಾಗಿವೆ. ಅವುಗಳ ಪೈಕಿ ಚೀನದೇಶದ ಸೂಚೀಚಿಕಿತ್ಸೆಯ ಕಥೆಯು ಒಂದು ವಿಧದಲ್ಲಿ ಉಳಿದುವಕ್ಕಿಂತ ಬೇರೆಯಾದುದು. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ವಿದ್ಯೆಯು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ಗಾಜಿನ ಪಾತ್ರೆಯಲ್ಲಿ ಭ್ರೂಣವನ್ನು ಬೆಳೆಸುವ ಅತ್ಯಂತ ನೂತನವಾದ ವೈದ್ಯದ ಪಕ್ಕದಲ್ಲಿ ಸಹಾಯಕವಾಗಿ ಬಂದು ನಿಂತಿತು. ಹಾಗೆ ನಿಂತುದರಿಂದಲೇ ಹರಕೆಗೂ ಮೂಲಿಕೆಗೂ ಒದಗದಿದ್ದ ಒಂದು ಪರೀಕ್ಷೆಯು ಅದಕ್ಕೆ ಒದಗಿತು.

ಸೂಜಿಯಿಂದ ಗರ್ಭವು ನಿಲ್ಲುವುದೋ ಇಲ್ಲವೋ ಎಂಬುದು ಕೇವಲ ಪಂಡಿತರ ಚರ್ಚೆಗೆ ಸೇರಿದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ, ಪ್ರಪಂಚದ ವಯಸ್ಕರಲ್ಲಿ ಸುಮಾರು ಆರು ಮಂದಿಗೆ ಒಬ್ಬರು ತಮ್ಮ ಜೀವಮಾನದಲ್ಲಿ ಒಮ್ಮೆಯಾದರೂ ಈ ಕಷ್ಟವನ್ನು ಅನುಭವಿಸುವರು. ಸಾಲ ಮಾಡಿಯೋ ಒಡವೆ ಮಾರಿಯೋ ವೈದ್ಯರ ಬಾಗಿಲಿಗೆ ಬರುವವರು ಅವರಲ್ಲಿ ಉಂಟು. ಅವರ ಕೈಯಲ್ಲಿ ಉಳಿದ ಹಣವನ್ನೂ, ಹಣಕ್ಕಿಂತ ಬೇಗನೆ ಮುಗಿದುಹೋಗುವ ವಯಸ್ಸನ್ನೂ ಯಾವುದಕ್ಕೆ ವೆಚ್ಚ ಮಾಡಬೇಕೆಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

೨

ಪ್ರಾಚೀನ ಚೀನೀಯರಲ್ಲಿ ಸಂತಾನವು ಮನೆಯ ಸಂತೋಷ ಮಾತ್ರವಲ್ಲ, ಧರ್ಮವೂ ಆಗಿದ್ದಿತು. ತಂದೆತಾಯಿಗಳಿಗೆ ಮಾಡುವ ಅಪರಾಧಗಳಲ್ಲಿ ವಂಶವನ್ನು ನಿಲ್ಲಿಸದಿರುವುದೇ ದೊಡ್ಡದೆಂದು ಮೆನ್ಶಿಯಸನು ಹೇಳಿದ್ದನು. ಹೆಂಡತಿಯನ್ನು ತ್ಯಜಿಸುವುದಕ್ಕೆ ಶಾಸ್ತ್ರಸಮ್ಮತವಾಗಿದ್ದ ಏಳು ಕಾರಣಗಳಲ್ಲಿ ಪುತ್ರಹೀನತೆಯೂ ಒಂದಾಗಿದ್ದಿತು. ಆದುದರಿಂದ ಗರ್ಭವಾಗದ ಹೆಂಗಸಿಗೆ ವೈದ್ಯನ ನೆರವು ಆರೋಗ್ಯದ ವಿಷಯವಾಗಿರುವಂತೆಯೇ ಆಶ್ರಯದ ವಿಷಯವೂ ಆಗಿದ್ದಿತು.

ಸೂಜಿಯ ವಿದ್ಯೆಯು ಯಾವಾಗ ಹುಟ್ಟಿತೆಂಬುದನ್ನು ಕುರಿತು ಅನೇಕ ದಂತಕಥೆಗಳಿವೆ. ಭೂಮಿಯಿಂದ ಅಗೆದು ತೆಗೆದ ಸಾಕ್ಷ್ಯವು ಅವುಗಳಿಗಿಂತ ಮಿತವಾದುದನ್ನು ಹೇಳುತ್ತದೆ. ಚಾಂಗ್‌ಷಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ, ಕ್ರಿ. ಪೂ. ೧೬೮ರಲ್ಲಿ ಮುಚ್ಚಿದ ಗೋರಿಯೊಂದರಿಂದ ೧೯೭೩ರಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತುವು. ಅವುಗಳಲ್ಲಿ ದೇಹದೊಳಗಿನ ನಾಡಿಮಾರ್ಗಗಳ ವರ್ಣನೆಯುಂಟು, ಆ ಮಾರ್ಗಗಳ ಮೇಲೆ ಕಾವು ಕೊಡುವ ಕ್ರಮವುಂಟು. ಬಿಂದುಗಳಲ್ಲಿ ಸೂಜಿ ಚುಚ್ಚುವ ಕ್ರಮವು ಮಾತ್ರ ಇಲ್ಲ. ಅದು ವಿಸ್ತಾರವಾಗಿ ಕಾಣುವುದು, ಅನಂತರ ಹಾನ್ ವಂಶದ ಕಾಲದಲ್ಲಿ ಸಂಕಲಿತವಾದ 'ಹುವಾಂಗ್‌ದಿ ನೈಜಿಂಗ್' ಎಂಬ ಗ್ರಂಥದಲ್ಲಿ. 'ಚೀ' ಎಂಬ ಪ್ರಾಣಶಕ್ತಿಯು ಆ ಮಾರ್ಗಗಳಲ್ಲಿ ಸರಾಗವಾಗಿ ಹರಿಯುತ್ತಿರುವುದೇ ಆರೋಗ್ಯ, ಅದು ತಡೆದು ನಿಲ್ಲುವುದೇ ರೋಗ, ತಕ್ಕ ಬಿಂದುವಿನಲ್ಲಿ ಚುಚ್ಚಿದ ಸೂಜಿಯು ತಡೆಯನ್ನು ಬಿಡಿಸುವುದು ಎಂಬುದು ಆ ಶಾಸ್ತ್ರದ ತಿರುಳು. ಸೂಜಿಯ ಜೊತೆಗೆ, ನಮ್ಮ ನಾಡಿನ ಮಾಚಿಪತ್ರೆಯ ಜಾತಿಗೆ ಸೇರಿದ ಎಲೆಯನ್ನು ಒಣಗಿಸಿ, ಹೊಸೆದು, ಬಿಂದುವಿನ ಮೇಲೆ ಉರಿಸಿ ಕಾವು ಕೊಡುವ ಪದ್ಧತಿಯೂ ಬೆಳೆಯಿತು.

ಮೂರನೆಯ ಶತಮಾನದಲ್ಲಿ ಹುವಾಂಗ್‌ಫು ಮಿ ಎಂಬ ವಿದ್ವಾಂಸನು ಬಿಂದುಗಳ ಸ್ಥಾನಗಳನ್ನೂ ಅವುಗಳ ಪ್ರಯೋಜನಗಳನ್ನೂ ಒಂದೆಡೆ ಕ್ರಮಪಡಿಸಿದನು. ಅವನ ಗ್ರಂಥದ ಕೊನೆಯ ಸಂಪುಟದಲ್ಲಿ ಸ್ತ್ರೀರೋಗಗಳಿಗೆ ಒಂದು ಅಧ್ಯಾಯವಿದೆ. ಕೆಟ್ಟ ರಕ್ತವು ಒಳಗೆ ನಿಂತು ಗರ್ಭವಾಗದ ಹೆಂಗಸಿಗೆ ಹೊಕ್ಕುಳಿನ ಕೆಳಗಿರುವ 'ಗುವಾನ್‌ಯುವಾನ್' ಎಂಬ ಬಿಂದುವನ್ನು ಅವನು ವಿಧಿಸಿದನು. ಏಳನೆಯ ಶತಮಾನದ ಸುನ್ ಸಿಮಿಯಾವೋ ಎಂಬವನು ತನ್ನ ಮಹಾಗ್ರಂಥದಲ್ಲಿ ಸ್ತ್ರೀವೈದ್ಯಕ್ಕೆ ಅಗ್ರಸ್ಥಾನವನ್ನು ಕೊಟ್ಟು, ಅದರಲ್ಲಿಯೂ ಸಂತಾನಾಪೇಕ್ಷೆಯ ಪ್ರಕರಣವನ್ನು ಮೊದಲಿಗಿಟ್ಟನು. ಮಕ್ಕಳಾಗದಿರುವುದಕ್ಕೆ ಗಂಡಹೆಂಡಿರಿಬ್ಬರ ದೇಹದೋಷವೂ ಕಾರಣವಾಗಿರಬಹುದೆಂದು ಅವನು ಬರೆದಿರುವುದು ಸ್ಮರಣಾರ್ಹವಾದುದು. ಸಾವಿರದ ಮುನ್ನೂರು ವರ್ಷಗಳ ಮೇಲೆಯೂ ದೋಷವನ್ನೆಲ್ಲ ಹೆಂಗಸಿನ ತಲೆಗೆ ಕಟ್ಟುವ ರೂಢಿಯು ಅನೇಕ ಮನೆಗಳಲ್ಲಿ ಅಳಿದಿಲ್ಲವಷ್ಟೆ.

ಇದಕ್ಕೆ ವಿರುದ್ಧವಾದ ಒಂದು ಕಥೆಯೂ ದಕ್ಷಿಣ ರಾಜವಂಶಗಳ ಚರಿತ್ರೆಯಲ್ಲಿ ಬಂದಿದೆ. ಐದನೆಯ ಶತಮಾನದಲ್ಲಿ ಲಿಯು ಸೊಂಗ್ ವಂಶದ ಬಾಲ ಚಕ್ರವರ್ತಿಯೊಬ್ಬನು ಷು ವೆನ್‌ಬೊ ಎಂಬ ವೈದ್ಯನೊಡನೆ ಹೋಗುತ್ತ ಗರ್ಭಿಣಿಯೊಬ್ಬಳನ್ನು ಕಂಡನು. ಗರ್ಭದಲ್ಲಿರುವುದು ಹೆಣ್ಣೆಂದು ಚಕ್ರವರ್ತಿ ಹೇಳಿದನು. ಗಂಡೊಂದು ಹೆಣ್ಣೊಂದು ಇವೆಯೆಂದು ವೈದ್ಯನು ಹೇಳಿದನು. ಯಾರ ಮಾತು ನಿಜವೆಂದು ತಿಳಿಯಲು ಕ್ರೂರನಾದ ಆ ಹುಡುಗನು ಅವಳ ಹೊಟ್ಟೆಯನ್ನು ಸೀಳಿಸಹೊರಟನು. ವೈದ್ಯನು ಮರುಗಿ, ಸೂಜಿಯಿಂದಲೇ ಗರ್ಭವನ್ನು ಇಳಿಸುವೆನೆಂದು ಕೈಯ ಒಂದು ಮಾರ್ಗದಲ್ಲಿಯೂ ಕಾಲಿನ ಒಂದು ಮಾರ್ಗದಲ್ಲಿಯೂ ಚುಚ್ಚಿದನಂತೆ. ಅವಳಿ ಪಿಂಡಗಳು ಇಳಿದು ಅವನ ಮಾತು ನಿಜವಾಯಿತಂತೆ. ಆ ಎರಡು ಸ್ಥಾನಗಳನ್ನು ಹೆಗ್ಗು, ಸಾನ್‌ಯಿನ್‌ಜಿಯಾವೋ ಎಂಬ ಬಿಂದುಗಳೆಂದು ಅನಂತರದ ಗ್ರಂಥಕಾರರು ಗುರುತಿಸಿ, ಗರ್ಭಿಣಿಯರಿಗೆ ಅವು ನಿಷಿದ್ಧವೆಂದು ಸಾರಿದರು. ಈ ಎರಡು ಹೆಸರುಗಳು ಮುಂದೆ ಮತ್ತೆ ಬರುವುವು.

೩

ಸೂಜಿಯ ವಿದ್ಯೆಗೆ ತನ್ನ ಮನೆಯಲ್ಲಿಯೇ ಸದಾ ಮನ್ನಣೆಯಿತ್ತೆಂದು ತಿಳಿಯುವುದು ತಪ್ಪು. ಸೊಂಗ್ ಚಕ್ರವರ್ತಿಗಳ ಕಾಲದಲ್ಲಿ, ಹನ್ನೊಂದನೆಯ ಶತಮಾನದ ಆರಂಭದಲ್ಲಿ, ವಾಂಗ್ ವೈಯಿ ಎಂಬವನು ಬಿಂದುಗಳನ್ನು ಗುರುತಿಸಿದ ಕಂಚಿನ ಪುರುಷಪ್ರತಿಮೆಯನ್ನು ಮಾಡಿಸಿದನು; ವಿದ್ಯೆಯು ಅಷ್ಟು ಗೌರವದಲ್ಲಿದ್ದಿತು. ೧೮೨೨ರಲ್ಲಾದರೋ ಚಿಂಗ್ ವಂಶದ ಚಕ್ರವರ್ತಿಯ ಆಜ್ಞೆಯಿಂದ ಅರಮನೆಯ ವೈದ್ಯಶಾಲೆಯಲ್ಲಿ ಸೂಜಿಯ ವಿಭಾಗವೇ ಮುಚ್ಚಿಹೋಯಿತು. ೧೯೨೯ರಲ್ಲಿ ಗಣರಾಜ್ಯದ ಅಧಿಕಾರಿಗಳು ದೇಶೀಯ ವೈದ್ಯವನ್ನೆಲ್ಲ ನಿಲ್ಲಿಸುವ ಸಲಹೆಯನ್ನು ಮುಂದಿಟ್ಟು, ವೈದ್ಯರ ದೊಡ್ಡ ಪ್ರತಿಭಟನೆಯ ಮುಂದೆ ಹಿಂಜರಿದರು. ೧೯೫೦ರ ದಶಕದಲ್ಲಿ ಸಮತಾವಾದಿ ಸರ್ಕಾರವು ಅದನ್ನು ಮತ್ತೆ ಎತ್ತಿಹಿಡಿಯಿತು.

ಯುರೋಪಿಗೆ ಅದರ ಪರಿಚಯವಾದುದು ಜಪಾನಿನ ಮೂಲಕ. ಡಚ್ ಕಂಪನಿಯ ವೈದ್ಯನಾಗಿ ಅಲ್ಲಿದ್ದ ವಿಲೆಮ್ ಟೆನ್ ರೈನೆ ಎಂಬವನು ೧೬೮೩ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ, ಸೂಜಿ ಮತ್ತು ಚುಚ್ಚುವಿಕೆ ಎಂಬರ್ಥದ ಎರಡು ಪದಗಳನ್ನು ಕೂಡಿಸಿ 'ಅಕ್ಯುಪಂಕ್ಚರ್' ಎಂಬ ಹೆಸರನ್ನು ಬಳಕೆಗೆ ತಂದನು. ಅಮೆರಿಕದಲ್ಲಿ ಅದು ಮನೆಮಾತಾದುದು ೧೯೭೧ರಲ್ಲಿ. ಜೇಮ್ಸ್ ರೆಸ್ಟನ್ ಎಂಬ ಪತ್ರಿಕಾಕರ್ತನು ಪೀಕಿಂಗಿನಲ್ಲಿ ಕರುಳಬಾಲದ ಶಸ್ತ್ರಕ್ರಿಯೆಗೆ ಒಳಗಾಗಿ, ಅನಂತರದ ನೋವಿಗೆ ಸೂಜಿಯ ಉಪಚಾರವನ್ನು ಪಡೆದು, ಅದನ್ನು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ವರ್ಣಿಸಿದನು.

ಭರತಖಂಡಕ್ಕೆ ಅದು ಬಂದುದು ಸ್ನೇಹದ ದಾರಿಯಿಂದ. ೧೯೩೮ರಲ್ಲಿ ಕಾಂಗ್ರೆಸ್ಸು ಯುದ್ಧಪೀಡಿತ ಚೀನಕ್ಕೆ ಕಳುಹಿಸಿದ ಐವರು ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸರು ೧೯೪೨ರಲ್ಲಿ ಅಲ್ಲಿಯೇ ಪ್ರಾಣಬಿಟ್ಟರು. ಅವರ ಜೊತೆಗಾರರಾದ ಬಿಜಯಕುಮಾರ ಬಸುಗಳು ೧೯೫೦ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ, ಸೂಚೀಚಿಕಿತ್ಸೆಯನ್ನು ಕಲಿತು ಕಲ್ಕತ್ತೆಯಲ್ಲಿ ಅದನ್ನು ನೆಲೆಗೊಳಿಸಿದರು.

೪

೧೯೭೮ನೆಯ ಇಸವಿ ಜುಲೈ ೨೫ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದಲ್ಲಿ ಲೂಯಿ ಬ್ರೌನ್ ಎಂಬ ಹೆಣ್ಣುಮಗುವು ಜನಿಸಿತು. ತಾಯಿಯ ದೇಹದ ಹೊರಗೆ ಅಂಡವನ್ನೂ ಬೀಜವನ್ನೂ ಕೂಡಿಸಿ ಪಡೆದ ಮೊದಲನೆಯ ಶಿಶು ಅದು. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಕತ್ತೆಯ ಸುಭಾಷ್ ಮುಖರ್ಜಿಯವರು ಅಂಥದೇ ಸಾಧನೆಯನ್ನು ಸಾರಿದರು. ಸರ್ಕಾರವು ನೇಮಿಸಿದ ಸಮಿತಿಯು ಅದನ್ನು ನಂಬಲಿಲ್ಲ. ಅವಮಾನಿತರಾದ ಅವರು ೧೯೮೧ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಮುಂದೆ ಟಿ. ಸಿ. ಆನಂದಕುಮಾರ್ ಎಂಬ ವಿಜ್ಞಾನಿಯು ಅವರ ಬರಹಗಳನ್ನು ಪರಿಶೀಲಿಸಿ, ಕೀರ್ತಿಯು ಅವರಿಗೇ ಸಲ್ಲಬೇಕೆಂದು ೧೯೯೭ರಲ್ಲಿ ಪ್ರಕಟವಾಗಿ ಸಾರಿದರು. ಸಾಕ್ಷ್ಯವನ್ನು ತೂಗುವವರು ಎರಡು ವಿಧದಲ್ಲಿ ತಪ್ಪಬಹುದು: ಇದ್ದುದನ್ನು ಇಲ್ಲವೆನ್ನಬಹುದು, ಇಲ್ಲದುದನ್ನು ಇದೆಯೆನ್ನಬಹುದು. ಮುಖರ್ಜಿಯವರ ಕಥೆಯು ಮೊದಲನೆಯದಕ್ಕೆ ದೃಷ್ಟಾಂತ. ಸೂಜಿಯ ಕಥೆಯಲ್ಲಿ ಎರಡನೆಯದರ ಅಪಾಯವು ಎದುರಾಯಿತು.

ಪ್ರನಾಳ ಶಿಶುವಿನ ವಿಧಾನವು ಹಲವು ಮೆಟ್ಟಿಲುಗಳದು. ಔಷಧಗಳಿಂದ ಅಂಡಗಳನ್ನು ಪಕ್ವಗೊಳಿಸಬೇಕು. ಅವುಗಳನ್ನು ಸೂಜಿಯಿಂದ ಹೊರತೆಗೆಯಬೇಕು. ಫಲಿತವಾದ ಭ್ರೂಣವನ್ನು ಕೆಲವು ದಿನಗಳ ಮೇಲೆ ಗರ್ಭಾಶಯದಲ್ಲಿರಿಸಬೇಕು. ಇಷ್ಟರವರೆಗೆ ವೈದ್ಯನ ಕೈ ನಡೆಯುತ್ತದೆ. ಆ ಭ್ರೂಣವು ಅಲ್ಲಿ ಬೇರೂರುವುದೋ ಇಲ್ಲವೋ ಎಂಬುದರಲ್ಲಿ ಅವನ ಕೈ ಬಹುಮಟ್ಟಿಗೆ ನಡೆಯದು. ಸೋಲುಗಳಲ್ಲಿ ಹೆಚ್ಚಿನವು ಇಲ್ಲಿಯೇ ಆಗುವುವು. ಇರಿಸಿದ ದಿನದಿಂದ ಪರೀಕ್ಷೆಯ ದಿನದವರೆಗಿನ ಎರಡು ವಾರಗಳು ಹೆಂಗಸಿಗೆ ಯುಗದಂತೆ ತೋರುವುವು. ಇಂಥ ಎಡೆಯಲ್ಲಿ 'ಇನ್ನೇನಾದರೂ ಮಾಡಬಹುದೇ' ಎಂಬ ಕೇಳಿಕೆ ಏಳುವುದು ಸಹಜ. ಸೂಚೀಚಿಕಿತ್ಸೆಯು ಕಾಲಿಟ್ಟುದು ಈ ಎಡೆಗೆ.

೧೯೯೬ರಲ್ಲಿ ಸ್ವೀಡನ್ನಿನ ಎಲಿಸಬೆತ್ ಸ್ಟೇನೆರ್-ವಿಕ್ಟೋರಿನ್ ಮತ್ತು ಅವರ ಸಂಗಡಿಗರು, ಸೂಜಿಯ ಮೂಲಕ ಮಂದವಾದ ವಿದ್ಯುತ್ತನ್ನು ಹರಿಯಿಸಿದಾಗ ಗರ್ಭಾಶಯದ ರಕ್ತನಾಳಗಳಲ್ಲಿನ ತಡೆಯು ಕಡಿಮೆಯಾದುದನ್ನು ಕೆಲವೇ ಹೆಂಗಸರಲ್ಲಿ ಕಂಡರು. ೧೯೯೯ರಲ್ಲಿ ಅವರೇ, ಅಂಡವನ್ನು ತೆಗೆಯುವಾಗಿನ ನೋವಿಗೆ ಔಷಧದ ಬದಲು ವಿದ್ಯುತ್ಸೂಜಿಯನ್ನು ೧೫೦ ಮಂದಿಯಲ್ಲಿ ಹೋಲಿಸಿ ನೋಡಿದರು. ನೋವು ಹೆಚ್ಚುಕಡಿಮೆ ಸಮನಾಗಿ ತಗ್ಗಿತು. ಆದರೆ ಸೂಜಿಯನ್ನು ಪಡೆದವರಲ್ಲಿ ಗರ್ಭವು ಹೆಚ್ಚಾಗಿ ನಿಂತಿತು. ಯಾರೂ ನಿರೀಕ್ಷಿಸದಿದ್ದ ಫಲವಿದು.

೫

ಲೋಕದ ಕಣ್ಣನ್ನು ತೆರೆಯಿಸಿದುದು ೨೦೦೨ರ ಪರೀಕ್ಷೆ. ಜರ್ಮನಿಯ ಉಲ್ಮ್ ನಗರದ ವುಲ್ಫ್‌ಗಾಂಗ್ ಪೌಲುಸರು ವುಹಾನಿನ ಚೀನೀ ವೈದ್ಯರೊಡನೆ ಕೂಡಿ, ೧೬೦ ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಸಮಪಾಲು ಮಾಡಿದರು. ಒಂದು ಪಾಲಿಗೆ ಭ್ರೂಣವನ್ನಿರಿಸುವುದಕ್ಕೆ ಮುಂಚೆ ಇಪ್ಪತ್ತೈದು ನಿಮಿಷ, ಇರಿಸಿದ ಮೇಲೆ ಇಪ್ಪತ್ತೈದು ನಿಮಿಷ ಸೂಜಿಗಳನ್ನು ಚುಚ್ಚಿದರು. ಇನ್ನೊಂದು ಪಾಲಿನವರು ಸುಮ್ಮನೆ ಮಲಗಿದ್ದರು. ಸೂಜಿಯ ಪಾಲಿನಲ್ಲಿ ೩೪ ಮಂದಿ, ಅಂದರೆ ಶೇಕಡಾ ೪೨.೫, ಗರ್ಭವತಿಯರಾದರು; ಇನ್ನೊಂದರಲ್ಲಿ ೨೧ ಮಂದಿ, ಅಂದರೆ ಶೇಕಡಾ ೨೬.೩. ವಿಚಿತ್ರವೇನೆಂದರೆ, ಭ್ರೂಣವನ್ನಿರಿಸಿದ ಮೇಲೆ ಚುಚ್ಚಿದ ಬಿಂದುಗಳಲ್ಲಿ ಹೆಗ್ಗುವೂ ಸಾನ್‌ಯಿನ್‌ಜಿಯಾವೋವೂ ಇದ್ದುವು. ಗರ್ಭವನ್ನು ಇಳಿಸುವುವೆಂದು ಹಿಂದಿನವರು ನಿಷೇಧಿಸಿದ್ದ ಬಿಂದುಗಳೇ ಗರ್ಭವನ್ನು ನಿಲ್ಲಿಸುವುದಕ್ಕೆ ಒದಗಿದುವು. 'ಪ್ರಾಚೀನ ಜ್ಞಾನ' ಎಂಬ ಮಾತನ್ನು ಮುಂದೆ ಮಾಡಿ ಈ ಚಿಕಿತ್ಸೆಯನ್ನು ಹೊಗಳಿದವರಲ್ಲಿ ಬಹುಮಂದಿ ಇದನ್ನು ಗಮನಿಸಿದಂತೆ ಕಾಣದು.

೨೦೦೬ರಲ್ಲಿ ಒಂದೇ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ಪರೀಕ್ಷೆಗಳು ಪ್ರಕಟವಾದುವು. ಡೆನ್ಮಾರ್ಕಿನದೂ ಜರ್ಮನಿಯದೂ ಸೂಜಿಗೆ ಅನುಕೂಲವಾಗಿದ್ದುವು. ಆಸ್ಟ್ರೇಲಿಯದಲ್ಲಿ ಕಂಡ ಶೇಕಡಾ ೩೧ ಮತ್ತು ೨೩ರ ಅಂತರವು ಯಾದೃಚ್ಛಿಕವಾಗಿರಬಹುದೆಂದು ಅದನ್ನು ನಡೆಸಿದವರೇ ಒಪ್ಪಿದರು. ೨೦೦೮ರಲ್ಲಿ ಎರಿಕ್ ಮ್ಯಾನ್‌ಹೈಮರ್ ಮೊದಲಾದವರು ೧,೩೬೬ ಮಂದಿಯ ಏಳು ಪರೀಕ್ಷೆಗಳನ್ನು ಕೂಡಿಸಿ ಲೆಕ್ಕಹಾಕಿ, ಹತ್ತು ಮಂದಿಗೆ ಸೂಜಿಯ ಉಪಚಾರ ಮಾಡಿದರೆ ಒಂದು ಗರ್ಭವು ಹೆಚ್ಚಾಗಿ ನಿಲ್ಲುವುದೆಂದು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದರು. ಸಹಜವಾಗಿಯೇ ಹೆಚ್ಚಿನ ಯಶಸ್ಸಿದ್ದ ಚಿಕಿತ್ಸಾಲಯಗಳಲ್ಲಿ ಸೂಜಿಯಿಂದ ಲಾಭವು ತೋರಲಿಲ್ಲವೆಂಬುದೂ ಅದೇ ಲೇಖನದಲ್ಲಿದ್ದಿತು. ಜನರ ಕಿವಿಗೆ ಬಿದ್ದುದು ಮೊದಲನೆಯ ಮಾತು ಮಾತ್ರ.

೬

ಈ ಪರೀಕ್ಷೆಗಳ ಪೈಕಿ ಕೆಲವುಗಳಲ್ಲಿ ದೊಡ್ಡ ಕೊರತೆಯೊಂದಿದ್ದಿತು. ಸೂಜಿಯನ್ನು ಪಡೆದವಳಿಗೆ ತಾನು ಪಡೆದೆನೆಂಬುದು ಗೊತ್ತು. ಪಡೆಯದವಳಿಗೆ ಪಡೆಯಲಿಲ್ಲವೆಂಬುದೂ ಗೊತ್ತು. ವೈದ್ಯನು ತೋರಿದ ಆದರ, ವಿಶ್ರಾಂತಿ, ಭರವಸೆ ಇವು ಒಂದು ಪಾಲಿಗೆ ದೊರೆತು ಇನ್ನೊಂದಕ್ಕೆ ದೊರೆಯಲಿಲ್ಲ. ಅಲ್ಲದೆ, ಪರೀಕ್ಷೆಯು ಚಿಕ್ಕದಾದಷ್ಟೂ ಅದೃಷ್ಟದ ಆಟವು ಹೆಚ್ಚು. ಅನುಕೂಲವಾಗಿ ಬಂದ ಚಿಕ್ಕ ಪರೀಕ್ಷೆಯು ಅಚ್ಚಿಗೆ ಹೋಗುವುದು, ಪ್ರತಿಕೂಲವಾಗಿ ಬಂದುದು ಪೆಟ್ಟಿಗೆಯಲ್ಲುಳಿಯುವುದು. ಮೊದಲನೆಯ ಕೊರತೆಯನ್ನು ನೀಗಲು ಒದಗಿದುದು ಹುಸಿಸೂಜಿ. ಜರ್ಮನಿಯ ಷ್ಟ್ರೈಟ್‌ಬೆರ್ಗರ್ ಮತ್ತು ಕ್ಲೈನ್‌ಹೆಂಟ್ಸ್ ಎಂಬವರು ೧೯೯೮ರಲ್ಲಿ ವರ್ಣಿಸಿದ ಈ ಸೂಜಿಯ ಮೊನೆಯು ಮೊಂಡು. ಒತ್ತಿದರೆ ಅದು ನಾಟಕದ ಕತ್ತಿಯಂತೆ ಹಿಡಿಯೊಳಕ್ಕೆ ಸರಿಯುವುದು. ಚರ್ಮಕ್ಕೆ ಚುಚ್ಚಿದಂತೆ ತೋರುವುದೇ ಹೊರತು ಒಳಗೆ ಇಳಿಯದು.

ಮೊದಲು ಆಶೆಯನ್ನು ಹುಟ್ಟಿಸಿದವರೇ ಮೊದಲು ಅದನ್ನು ಒರೆಗೆ ಹಚ್ಚಿದರು. ಪೌಲುಸರು ೨೦೦೩ರಲ್ಲಿ ಹುಸಿಸೂಜಿಯೊಡನೆ ೨೦೦ ಮಂದಿಯನ್ನು ಹೋಲಿಸಿದಾಗ ಗರ್ಭದ ಪ್ರಮಾಣವು ಶೇಕಡಾ ೪೩ ಮತ್ತು ೩೭ ಆಯಿತು. ಅದೃಷ್ಟದಿಂದಲೂ ಆಗಬಹುದಾದ ಅಂತರವದು. ಸ್ಟೇನೆರ್-ವಿಕ್ಟೋರಿನರು ಅದೇ ವರ್ಷ ೨೮೬ ಮಂದಿಯಲ್ಲಿ ತಮ್ಮ ಹಿಂದಿನ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಗರ್ಭದ ಲಾಭವು ಕಾಣಲಿಲ್ಲ. ತಮ್ಮ ಹೆಸರನ್ನು ಬೆಳಗಿಸಿದ ಫಲವನ್ನು ತಾವೇ ಮರುಪರೀಕ್ಷಿಸಿ, ಬಂದುದನ್ನು ಬಂದಂತೆ ಹೇಳಿದ ಇವರ ನಡತೆಯು ಈ ಚರಿತ್ರೆಯಲ್ಲಿ ಅತ್ಯಂತ ಗೌರವಾರ್ಹವಾದುದು.

ಅನಂತರ ಸಾಕ್ಷ್ಯವು ಒಂದೇ ದಿಕ್ಕಿಗೆ ಹರಿಯಿತು. ೨೦೦೯ರಲ್ಲಿ ಹಾಂಗ್‌ಕಾಂಗಿನ ೩೭೦ ಮಂದಿಯಲ್ಲಿ ನಿಜವಾದ ಸೂಜಿಯವರಿಗೆ ಶೇಕಡಾ ೪೩.೮, ಹುಸಿಸೂಜಿಯವರಿಗೆ ೫೫.೧ ಗರ್ಭಗಳಾದುವು. ೨೦೧೦ರಲ್ಲಿ ಡೆನ್ಮಾರ್ಕಿನ ೬೩೫ ಮಂದಿಯಲ್ಲಿ ಮಗುವನ್ನು ಹೆತ್ತವರು ಕ್ರಮವಾಗಿ ಶೇಕಡಾ ೨೫ ಮತ್ತು ೩೦. ಇದು ಗಣನೀಯವಾದ ಅಂತರವಲ್ಲ. ೨೦೦೮ರಲ್ಲಿ ಭ್ರೂಣವನ್ನಿರಿಸುವ ದಿನದ ಸೂಜಿಯಿಂದ ಲಾಭವುಂಟೆಂದಿದ್ದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು, ೨೦೧೩ರಲ್ಲಿ ೨೦ ಪರೀಕ್ಷೆಗಳನ್ನು ನೋಡಿ, ಲಾಭಕ್ಕೆ ಸಾಕ್ಷ್ಯವಿಲ್ಲವೆಂದು ತನ್ನ ಮಾತನ್ನು ತಿದ್ದಿಕೊಂಡಿತು. ೨೦೧೮ರಲ್ಲಿ ಕ್ಯಾರೊಲಿನ್ ಸ್ಮಿತ್ ಮೊದಲಾದವರು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ೧೬ ಕೇಂದ್ರಗಳ ೮೪೮ ಮಂದಿಯ ಪರೀಕ್ಷೆಯನ್ನು ಪ್ರಕಟಿಸಿದರು. ಜೀವಂತ ಶಿಶುಗಳ ಪ್ರಮಾಣವು ನಿಜವಾದ ಸೂಜಿಗೆ ಶೇಕಡಾ ೧೮.೩, ಹುಸಿಸೂಜಿಗೆ ೧೭.೮.

ಅಂಡಾಶಯದಲ್ಲಿ ನೀರುಗುಳ್ಳೆಗಳಂತೆ ತೋರುವ, ಋತುಕ್ರಮವು ತಪ್ಪುವ ಪಿ. ಸಿ. ಓ. ಎಸ್. ಎಂಬ ವ್ಯಾಧಿಯ ವಿಷಯದಲ್ಲಿ ಚೀನದಲ್ಲಿಯೇ ೧,೦೦೦ ಹೆಂಗಸರ ಪರೀಕ್ಷೆ ನಡೆದು ೨೦೧೭ರಲ್ಲಿ ಪ್ರಕಟವಾಯಿತು. ಕ್ಲೋಮಿಫೀನ್ ಎಂಬ ಮಾತ್ರೆಯನ್ನು ನಿಜಸೂಜಿಯೊಡನೆ ಪಡೆದವರಲ್ಲಿ ಶೇಕಡಾ ೨೯.೪, ಹುಸಿಯಾದ ಉಪಚಾರದೊಡನೆ ಪಡೆದವರಲ್ಲಿ ೨೮ ಮಂದಿ ಹೆತ್ತರು. ಹುಸಿಮಾತ್ರೆಯನ್ನು ಪಡೆದವರಲ್ಲಿ ನಿಜಸೂಜಿಗೆ ೧೩.೯, ಹುಸಿಯಾದುದಕ್ಕೆ ೧೬.೮. ಫಲವನ್ನು ಕೊಟ್ಟುದು ಮಾತ್ರೆ, ಸೂಜಿಯಲ್ಲ ಎಂಬುದು ಇಲ್ಲಿ ಕನ್ನಡಿಯಂತೆ ಕಾಣುತ್ತದೆ.

೭

ಸೂಚೀವೈದ್ಯರು ಇದಕ್ಕೆ ಸುಮ್ಮನಾಗಲಿಲ್ಲ. ಅವರ ಮೊದಲನೆಯ ಸಮಾಧಾನವು, ಹುಸಿಸೂಜಿಯೂ ಚರ್ಮವನ್ನು ಒತ್ತುವುದರಿಂದ ಅದಕ್ಕೂ ಗುಣವುಂಟು, ಆದುದರಿಂದ ಹೋಲಿಕೆಯೇ ಸಲ್ಲದು ಎಂಬುದು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಮೊಂಡುಕಡ್ಡಿಯನ್ನು ಬಿಂದುವಲ್ಲದ ಕಡೆ ಒತ್ತಿದರೂ ಅದೇ ಫಲವು ಬರುವುದಾದರೆ, ಬಿಂದುಗಳನ್ನೂ ಮಾರ್ಗಗಳನ್ನೂ ಕಂಚಿನ ಪ್ರತಿಮೆಯ ಮೇಲೆ ಗುರುತಿಸಿದ ಶಾಸ್ತ್ರದ ಗತಿಯೇನು? ಚಿಕಿತ್ಸೆಯನ್ನು ಉಳಿಸಹೋಗಿ ಶಾಸ್ತ್ರವನ್ನೇ ಬಿಟ್ಟುಕೊಟ್ಟಂತಾಗುವುದು. ಎರಡನೆಯ ಸಮಾಧಾನವು ಇದಕ್ಕಿಂತ ಬಲವಾದುದು. ಪರಂಪರೆಯ ವೈದ್ಯನು ರೋಗಿಯ ನಾಡಿಯನ್ನು ನೋಡಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ತಿಂಗಳುಗಟ್ಟಲೆ ಉಪಚಾರ ಮಾಡುವನು. ಒಂದೆರಡು ಸಲದ ಚುಚ್ಚುವಿಕೆಯು ಅವನ ವಿದ್ಯೆಗೆ ಅಳತೆಗೋಲಾಗದು ಎಂಬುದು ಆ ವಾದ. ಹಾಗೆ ದೀರ್ಘಕಾಲ ಉಪಚಾರ ಪಡೆದವರಲ್ಲಿ ಹೆಚ್ಚಿನ ಫಲವನ್ನು ಕಂಡ ವರದಿಗಳು ಉಂಟು. ಆದರೆ ಅವು ಚೀಟಿಯೆತ್ತಿ ಪಾಲುಮಾಡಿದ ಪರೀಕ್ಷೆಗಳಲ್ಲ. ತಿಂಗಳುಗಟ್ಟಲೆ ವೆಚ್ಚವನ್ನು ತಾಳಬಲ್ಲವರೂ, ಧೈರ್ಯಗೆಡದೆ ಮುಂದುವರಿಯಬಲ್ಲವರೂ ತಾವಾಗಿಯೇ ಆ ಪಾಲಿಗೆ ಸೇರಿರುವರು. ಅವರಿಗೂ ಇತರರಿಗೂ ಇರುವ ಅಂತರವು ಸೂಜಿಯದೋ ಸ್ಥಿತಿಗತಿಯದೋ ಎಂದು ಬಿಡಿಸಿ ಹೇಳಲಾಗದು.

ಹಾಗಾದರೆ ಸೂಜಿಯಿಂದ ಏನೂ ಇಲ್ಲವೆಂದು ಹೇಳಬೇಕೆ? ಅಂಡವನ್ನು ತೆಗೆಯುವಾಗಿನ ನೋವನ್ನು ಇತರ ಔಷಧಗಳ ಜೊತೆಯಲ್ಲಿ ಅದು ತಗ್ಗಿಸಬಲ್ಲುದು. ೨೦೦೯ರಲ್ಲಿ ಅಮೆರಿಕದ ಆಲಿಸ್ ಡೊಮಾರ್ ಮೊದಲಾದವರು ೧೫೦ ಮಂದಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ಗರ್ಭದ ಪ್ರಮಾಣವು ಹೆಚ್ಚಲಿಲ್ಲವಾದರೂ, ಸೂಜಿಯನ್ನು ಪಡೆದವರ ಆತಂಕವು ಕಡಿಮೆಯಾಗಿ ಭರವಸೆಯು ಹೆಚ್ಚಿದ್ದಿತು. ಪಳಗಿದ ಕೈಯಲ್ಲಿ, ಶುದ್ಧವಾದ ಸೂಜಿಯಿಂದ ಅಪಾಯವು ವಿರಳ. ಎರಡು ವಾರಗಳ ಆ ಕಾಯುವಿಕೆಯಲ್ಲಿ ಒಂದು ಗಂಟೆಯ ನೆಮ್ಮದಿಯೂ ಅಲ್ಪವಾದುದಲ್ಲ. ಅದನ್ನು ನೆಮ್ಮದಿಯೆಂದೇ ಹೇಳಿ ಕೊಟ್ಟರೆ ಆಕ್ಷೇಪವಿಲ್ಲ. ಮಗುವೆಂದು ಹೇಳಿ ಮಾರಿದರೆ ಅದು ವಂಚನೆ. ಅಮೆರಿಕದ ಸಂತಾನವೈದ್ಯರ ಸಂಘವೂ ೨೦೧೭ರ ತನ್ನ ಸೂಚನೆಗಳಲ್ಲಿ, ಭ್ರೂಣವನ್ನಿರಿಸುವ ಹೊತ್ತಿನ ಸೂಚೀಚಿಕಿತ್ಸೆಯು ಶಿಶುಜನನದ ಪ್ರಮಾಣವನ್ನು ಹೆಚ್ಚಿಸುವುದಿಲ್ಲವೆಂಬ ನಿರ್ಣಯಕ್ಕೆ ಬಂದಿತು.

ಹುಸಿಯಾದ ಭರವಸೆಯ ಬೆಲೆಯನ್ನು ಹಣದಲ್ಲಿ ಮಾತ್ರ ಎಣಿಸಲಾಗದು. ಸೂಜಿಯಿಂದ ಗರ್ಭವು ನಿಲ್ಲುವುದೆಂದು ನಂಬಿದವಳು, ನಿಲ್ಲದಾಗ, ತಾನು ಇನ್ನೂ ನಾಲ್ಕು ಸಲ ಹೋಗಬೇಕಾಗಿದ್ದಿತು, ಮನಸ್ಸನ್ನು ಇನ್ನೂ ಶಾಂತವಾಗಿಡಬೇಕಾಗಿದ್ದಿತು ಎಂದು ತನ್ನನ್ನೇ ದೂರಿಕೊಳ್ಳುವಳು. ದೊಡ್ಡ ಪರೀಕ್ಷೆಗಳು ಸೂಜಿಯಿಂದ ಒಂದು ಮಹಿಮೆಯನ್ನು ಕಿತ್ತುಕೊಂಡುವು ನಿಜ. ಅವುಗಳೊಡನೆಯೇ ಆ ಹೆಂಗಸಿನ ತಲೆಯಿಂದ ಒಂದು ಅಪವಾದವನ್ನೂ ಇಳಿಸಿದುವು. ಸೂಜಿಗೆ ಹೋದವಳಿಗೂ ಹೋಗದವಳಿಗೂ ಫಲವು ಒಂದೇ ಆಗಿರುವಾಗ, ಹೋಗದಿದ್ದುದು ಅವಳ ತಪ್ಪಲ್ಲ.